ಕೇಸರಿಗೂ ಈರುಳ್ಳಿಗೂ ಒಂದೇ ಕಾಟ

ಕಡೂರು, ತರೀಕೆರೆ, ಅಜ್ಜಂಪುರದ ಕಡೆ ಮುಂಗಾರಿನಲ್ಲಿ ಈರುಳ್ಳಿ ಬೆಳೆಯುವ ಮನೆಗಳ ಮಕ್ಕಳು ಇದನ್ನು ಕಂಡಿರುತ್ತಾರೆ. ಚೆನ್ನಾಗಿದ್ದ ಗಿಡದ ಗರಿಗಳು ತುದಿಯಿಂದ ಹಳದಿಯಾಗುತ್ತ ಬರುತ್ತವೆ. ಹಿಡಿದೆಳೆದರೆ ಗಿಡ ಸಲೀಸಾಗಿ ಕೈಗೆ ಬರುತ್ತದೆ. ಬೇರು ಕೊಳೆತಿರುತ್ತದೆ, ಗಡ್ಡೆಯ ತಳದಲ್ಲಿ ಬಿಳಿ ಬೂಷ್ಟು. ಫ್ಯುಸೇರಿಯಂ ಆಕ್ಸಿಸ್ಪೋರಂ ಎಂಬ ಶಿಲೀಂಧ್ರ ತರುವ ಈ ರೋಗಕ್ಕೆ ತಳ ಕೊಳೆ ಎನ್ನುತ್ತಾರೆ. ಶಾಲೆಯ ಫೀಜಿಗೆಂದು ನಂಬಿಕೊಂಡ ಬೆಳೆ ಹೀಗೆ ಹೋದರೆ ಆಗುವ ಸಂಕಟವನ್ನು ಆ ಮನೆಯವರಿಗೆ ವಿವರಿಸಬೇಕಾಗಿಲ್ಲ.

ಕಾಶ್ಮೀರದ ಪಾಂಪೋರಿನ ಕೇಸರಿ ಹೊಲಗಳಲ್ಲಿ ಗಡ್ಡೆ ಕೊಳೆಸುವುದೂ ಮುಖ್ಯವಾಗಿ ಇದೇ ಶಿಲೀಂಧ್ರ. ನಂಜನಗೂಡಿನ ರಸಬಾಳೆಯನ್ನು ಕಾಡಿದ ಪನಾಮಾ ಸೊರಗು ರೋಗದ್ದೂ ಇದೇ ವಂಶ. ಆದರೆ ಅದರಲ್ಲಿ ಒಳಪಂಗಡಗಳುಂಟು. ಈರುಳ್ಳಿಯನ್ನು ಹಿಡಿಯುವ ಪಂಗಡ ಬಾಳೆಯ ತಂಟೆಗೆ ಹೋಗದು.

ಕೇಸರಿಯ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಅದರ ಹೂವು ಬೀಜ ಕಟ್ಟುವುದಿಲ್ಲ. ಗಡ್ಡೆಯಿಂದಲೇ ಮರಿಗಡ್ಡೆ, ಅದರಿಂದ ಇನ್ನೊಂದು. ಹೀಗಾಗಿ ತಾಯಿಗಡ್ಡೆಗೆ ಅಂಟಿದ ರೋಗ ಮರಿಗೂ ಬರುತ್ತದೆ, ಮಾರಿದವರ ಹೊಲದಿಂದ ಕೊಂಡವರ ಮಣ್ಣಿಗೂ ಬರುತ್ತದೆ.

ಗಿಡದ ರೋಗಕ್ಕೆ ಶಿಲೀಂಧ್ರ ಕಾರಣವೆಂದು ತೋರಿಸಿದ ಮೊದಮೊದಲ ಪ್ರಯೋಗಗಳಲ್ಲೊಂದು ನಡೆದದ್ದೂ ಕೇಸರಿಯ ಮೇಲೆಯೇ. 1728ರಲ್ಲಿ ಫ್ರಾನ್ಸಿನ ಡ್ಯುಹಮೆಲ್, ಕೇಸರಿ ಸಾಯುತ್ತಿದ್ದ ಹೊಲಗಳನ್ನು ಅಗೆದು ನೋಡಿದರು. ಅದು ಬೇರೊಂದು ಶಿಲೀಂಧ್ರ. ನೇರಳೆ ಬಣ್ಣದ ಎಳೆಗಳು ಗಡ್ಡೆಯಿಂದ ಗಡ್ಡೆಗೆ ಮಣ್ಣಿನೊಳಗೇ ಹಬ್ಬಿದ್ದವು. ರೋಗ ಬಿದ್ದ ಜಾಗದ ಸುತ್ತ ಕಾಲುವೆ ತೋಡಿ, ತೆಗೆದ ಮಣ್ಣನ್ನು ರೋಗದ ಕಡೆಗೇ ಹಾಕಿ ಎಂದರು ಅವರು. ಸೂಕ್ಷ್ಮಜೀವಿಗಳಿಂದ ರೋಗ ಬರುತ್ತದೆಂದು ಪಾಶ್ಚರ್ ಹೇಳಲು ಇನ್ನೂ ನೂರು ವರ್ಷಕ್ಕೂ ಮೇಲೆ ಬಾಕಿಯಿತ್ತು!

ಈಚೆಗೆ ಕರ್ನಾಟಕದಲ್ಲೂ ಕೆಲವರು ತಂಪು ಮಾಡಿದ ಕೋಣೆಗಳಲ್ಲಿ ಕೇಸರಿ ಬೆಳೆಯುತ್ತಿದ್ದಾರೆ. ಮಗನ ಉತ್ಸಾಹಕ್ಕೆ ಮಣಿದು ಗಡ್ಡೆ ತರಿಸುವ ತಂದೆತಾಯಿಯರು ಕೇಸರಿಯ ಬೆಲೆ ಲೆಕ್ಕ ಹಾಕುವ ಮೊದಲು ಗಡ್ಡೆಯ ಸಿಪ್ಪೆ ಸರಿಸಿ ನೋಡಲಿ. ಮೆತ್ತಗಾದದ್ದು, ಕಂದು ಮಚ್ಚೆಯದ್ದು, ಗಾಯವಾದದ್ದು ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಒಂದು ಕೊಳೆತರೆ ಪಕ್ಕದ್ದಕ್ಕೆ ದಾಟಲು ತಡವಿಲ್ಲ.

ಈರುಳ್ಳಿ ಹೊಲದಲ್ಲಿ ಈ ಶಿಲೀಂಧ್ರ ಬೆಳೆ ಇಲ್ಲದಾಗಲೂ ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕೂರುತ್ತದೆ. ಅದಕ್ಕೇ ರೋಗ ಕಂಡ ಹೊಲಕ್ಕೆ ಮೂರು ನಾಲ್ಕು ವರ್ಷ ರಾಗಿ, ಜೋಳ ಹಾಕುವುದು ಲೇಸು. ಕೊಳೆತ ಗಡ್ಡೆಯನ್ನು ತಿಪ್ಪೆಗೆ ಹಾಕಿದರೆ ಅದು ಗೊಬ್ಬರದ ಜೊತೆ ಮತ್ತೆ ಹೊಲಕ್ಕೇ ಬಂದೀತು.