ಕಡಲ ತೀರದ ಮನೆಗೆ ಯಾವ ವಿಮೆ? ಸಹಿ ಹಾಕುವ ಮೊದಲು ಓದಬೇಕಾದ ಸಾಲುಗಳು

ಮಳೆಗಾಲ ಬಂತೆಂದರೆ ಕರಾವಳಿಯ ನಮ್ಮ ಊರುಗಳಲ್ಲಿ ಮೂರು ಬಗೆಯ ಭಯ ಒಟ್ಟಿಗೆ ಎದ್ದು ನಿಲ್ಲುತ್ತದೆ. ತೀರದಲ್ಲಿರುವವರಿಗೆ ಕಡಲ್ಕೊರೆತದ ಭಯ, ಹೊಳೆಬದಿಯವರಿಗೆ ನೆರೆಯ ಭಯ, ಗುಡ್ಡದ ಬುಡದಲ್ಲಿರುವವರಿಗೆ ಮಣ್ಣು ಜರಿಯುವ ಭಯ. 2017ರ ಡಿಸೆಂಬರ್‌ನಲ್ಲಿ ಓಖಿ ಚಂಡಮಾರುತದ ಅಲೆಗಳು ಉಳ್ಳಾಲ, ಸೋಮೇಶ್ವರದ ಮನೆಗಳಿಗೆ ನುಗ್ಗಿದವು. 2019ರ ಆಗಸ್ಟ್‌ನಲ್ಲಿ ನೇತ್ರಾವತಿ ಉಕ್ಕಿ ಬಂಟ್ವಾಳದ ತಗ್ಗು ಪ್ರದೇಶಗಳು ಮುಳುಗಿದವು. 2020ರ ಸೆಪ್ಟೆಂಬರ್ 20ರಂದು ಉಡುಪಿ ನಗರವೇ ನೀರಿನಲ್ಲಿ ನಿಂತಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಬಂತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಗೆ ಕುಸಿಯಿತು. 2025ರ ಮೇ 30ರಂದು ಮಂಜನಾಡಿಯ ಮೊಂಟೆಪದವಿನಲ್ಲಿ ಗುಡ್ಡ ಜರಿದು ಮನೆಯ ಮೇಲೆ ಬಿದ್ದಾಗ ಇಬ್ಬರು ಪುಟ್ಟ ಮಕ್ಕಳೂ ಅವರ ಅಜ್ಜಿಯೂ ತೀರಿಕೊಂಡರು.

ಹೋದ ಜೀವಕ್ಕೆ ಯಾವ ಪರಿಹಾರವೂ ಇಲ್ಲ. ಆದರೆ ಉಳಿದವರು ಮತ್ತೆ ಒಂದು ಸೂರು ಕಟ್ಟಿಕೊಳ್ಳಬೇಕು. ಅದಕ್ಕೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರ ಉತ್ತರ 'ಸರಕಾರ ಕೊಡುತ್ತದೆ' ಎಂಬುದು. ಕೇಂದ್ರದ ವಿಪತ್ತು ಪರಿಹಾರ ನಿಧಿಗೆ 2022ರಲ್ಲಿ ನಿಗದಿಯಾದ ಮಾನದಂಡದಂತೆ ಪೂರ್ತಿ ಕುಸಿದ ಮನೆಗೆ ಬಯಲು ಪ್ರದೇಶದಲ್ಲಿ ಸಿಗುವುದು 1.20 ಲಕ್ಷ ರೂಪಾಯಿ. ರಾಜ್ಯ ಸರಕಾರ ಕೆಲವು ವರ್ಷ ಇದಕ್ಕೆ ತನ್ನ ಪಾಲು ಸೇರಿಸಿದ್ದುಂಟು. 2019ರ ನೆರೆಯ ಬಳಿಕ ಪೂರ್ಣ ಹಾನಿಯಾದ ಮನೆಗೆ 5 ಲಕ್ಷ ಘೋಷಿಸಿತ್ತು. ಆದರೆ ಅದು ಆಯಾ ವರ್ಷದ ತೀರ್ಮಾನ, ಪ್ರತಿ ವರ್ಷದ ಹಕ್ಕಲ್ಲ. ಇಂದಿನ ಕಲ್ಲು, ಸಿಮೆಂಟು, ಕೂಲಿಯ ದರದಲ್ಲಿ 1.20 ಲಕ್ಷದಿಂದ ಮನೆಯ ಪಂಚಾಂಗವೂ ಏಳುವುದಿಲ್ಲ.

ಆದ್ದರಿಂದ ಗೃಹ ವಿಮೆಯ ಬಗ್ಗೆ ಯೋಚಿಸಲೇಬೇಕು. ನಮ್ಮ ಜನರು ಬೈಕಿಗೆ ವಿಮೆ ಮಾಡಿಸುತ್ತಾರೆ, ದೋಣಿಗೆ ಮಾಡಿಸುತ್ತಾರೆ. ಜೀವಮಾನದ ದುಡಿಮೆ ಹಾಕಿದ ಮನೆಗೆ ಮಾತ್ರ ಮಾಡಿಸುವುದಿಲ್ಲ. ಗೃಹಸಾಲ ತೆಗೆದವರು 'ಬ್ಯಾಂಕಿನವರು ಆಗಲೇ ವಿಮೆ ಮಾಡಿದ್ದಾರೆ' ಎನ್ನುವುದುಂಟು. ಆ ಕಾಗದವನ್ನು ಒಮ್ಮೆ ತೆಗೆದು ನೋಡಬೇಕು. ಅನೇಕ ಬಾರಿ ಅದು ಸಾಲಗಾರ ತೀರಿಕೊಂಡರೆ ಸಾಲ ಚುಕ್ತಾ ಮಾಡುವ ಜೀವ ವಿಮೆಯೇ ಹೊರತು ಗೋಡೆ ಬಿದ್ದರೆ ಹಣ ಕೊಡುವ ವಿಮೆಯಲ್ಲ.

ಯಾವುದಕ್ಕೆ ಹಣ ಸಿಗುತ್ತದೆ?

ವಿಮಾ ನಿಯಂತ್ರಣ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಪ್ರಮಾಣಿತ ಪಾಲಿಸಿಯನ್ನು ಜಾರಿಗೆ ತಂದಿದೆ. ಯಾವ ಕಂಪನಿಯಲ್ಲಿ ತೆಗೆದರೂ ಇದರ ಮೂಲ ಷರತ್ತುಗಳು ಒಂದೇ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಚಂಡಮಾರುತ, ಸುನಾಮಿ, ನೆರೆ, ಗುಡ್ಡ ಕುಸಿತ, ಭೂಮಿ ಕುಸಿತ ಎಲ್ಲವೂ ಇದರಲ್ಲಿ ಸೇರಿವೆ. ಹೊರಗಿನ ವಸ್ತು ಬಡಿದು ಆಗುವ ಹಾನಿಯೂ ಸೇರಿದೆ. ಬೀಳುವ ಮರ, ಗೋಡೆ ಇದಕ್ಕೆ ಉದಾಹರಣೆಯಾಗಿ ಪಾಲಿಸಿಯಲ್ಲೇ ಇವೆ. ಗಾಳಿಗೆ ತೆಂಗಿನ ಮರ ಹಂಚಿನ ಮಾಡಿನ ಮೇಲೆ ಬೀಳುವುದು ನಮ್ಮಲ್ಲಿ ಹೊಸತಲ್ಲ. 2024ರ ಜೂನ್‌ನಲ್ಲಿ ಕುತ್ತಾರಿನ ಮದನಿ ನಗರದಲ್ಲಿ ಪಕ್ಕದ ಮನೆಯ ಕಂಪೌಂಡು ಗೋಡೆ ಕುಸಿದು ಒಂದೇ ಕುಟುಂಬದ ನಾಲ್ವರು ಮೃತಪಟ್ಟದ್ದನ್ನೂ ನಾವು ಮರೆತಿಲ್ಲ.

ವಿಮಾ ಮೊತ್ತ ಲೆಕ್ಕ ಹಾಕುವಾಗ ಜಾಗದ ಬೆಲೆ ಸೇರಿಸಬಾರದು. ಜಾಗಕ್ಕೆ ವಿಮೆ ಇಲ್ಲ. ಪುನಃ ಕಟ್ಟಲು ತಗಲುವ ವೆಚ್ಚಕ್ಕೆ ಮಾತ್ರ. ಮನೆಯ ಒಳವಿಸ್ತೀರ್ಣ 1000 ಚದರ ಅಡಿ, ಕಟ್ಟುವ ದರ ಅಡಿಗೆ 2500 ರೂಪಾಯಿ ಎಂದಿಟ್ಟುಕೊಂಡರೆ ಮೊತ್ತ 25 ಲಕ್ಷ. ಇದರ ಶೇ. 20ರಷ್ಟು, ಅಂದರೆ 5 ಲಕ್ಷ, ಒಳಗಿನ ಸಾಮಾನುಗಳಿಗೆ ತಾನಾಗಿಯೇ ಸೇರಿಕೊಳ್ಳುತ್ತದೆ. ಇದರ ಮಿತಿ 10 ಲಕ್ಷ. ಚಿನ್ನಾಭರಣಕ್ಕೆ ಬೇರೆಯೇ ಆಯ್ಕೆ ಬರೆಸಬೇಕು. ನಗದಿಗೆ ರಕ್ಷಣೆ ಇಲ್ಲ. ಬರೇ ಕಳ್ಳತನಕ್ಕೂ ಇದು ಸಲ್ಲದು. ನೆರೆಯಂಥ ಅವಘಡ ನಡೆದ 7 ದಿನಗಳೊಳಗಿನ ಕಳವಿಗೆ ಮಾತ್ರ.

ಇನ್ನೊಂದು ಅನುಕೂಲವೂ ಇದೆ. ಹಳೆಯ ಮಾದರಿಯ ಪಾಲಿಸಿಗಳಲ್ಲಿ 20 ಲಕ್ಷದ ಮನೆಗೆ 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿದ್ದರೆ, 4 ಲಕ್ಷ ಹಾನಿಯಾದಾಗ ಕೈಗೆ ಬರುತ್ತಿದ್ದುದು 2 ಲಕ್ಷ. ಗೃಹ ರಕ್ಷಾದಲ್ಲಿ ಈ ಕಡಿತ ಇಲ್ಲ. ಹೆಸರಿನಲ್ಲಿ ಹೋಲುವ ಬೇರೆ ಪಾಲಿಸಿಗಳೂ ಮಾರುಕಟ್ಟೆಯಲ್ಲಿವೆ. ಆದ್ದರಿಂದ ಹೆಸರನ್ನು ಪೂರ್ತಿ ಓದಿಯೇ ಸಹಿ ಹಾಕುವುದು ಒಳಿತು.

ಎಲ್ಲಿ ಕೈ ಬಿಡುತ್ತದೆ?

ನಮ್ಮ ಕರಾವಳಿಗೆ ಅತಿ ಮುಖ್ಯವಾದ ಮಾತು ಇಲ್ಲಿದೆ. ಭೂಮಿ ಕುಸಿತ, ಗುಡ್ಡ ಕುಸಿತಕ್ಕೆ ರಕ್ಷಣೆ ಕೊಡುವ ಅದೇ ವಾಕ್ಯದ ಬದಿಯಲ್ಲಿ ಹೊರತುಪಡಿಸಿದ ಕಾರಣಗಳ ಪಟ್ಟಿ ಇದೆ. ಅದರಲ್ಲಿ ಕಡಲು ಮತ್ತು ನದಿಯ ಕೊರೆತ ಸೇರಿದೆ. ಮಣ್ಣು ತುಂಬಿಸಿ ಎತ್ತರಿಸಿದ ನೆಲ ಜಗ್ಗುವುದು, ಹೊಸ ಕಟ್ಟಡದ ಸಾಮಾನ್ಯ ಬಿರುಕು, ಕೆಟ್ಟ ವಿನ್ಯಾಸ ಅಥವಾ ಕಳಪೆ ಕೆಲಸ, ನೆಲ ಅಗೆತದಿಂದಾದ ಕುಸಿತ ಇವೂ ಸೇರಿವೆ.

ಇದರ ಅರ್ಥವನ್ನು ಬಿಡಿಸಿ ನೋಡೋಣ. ಚಂಡಮಾರುತದ ರಾತ್ರಿ ಅಲೆ ನುಗ್ಗಿ ಗೋಡೆ ಒಡೆದರೆ ಅದು ಬಿರುಗಾಳಿ ಮತ್ತು ನೆರೆಯ ಹಾನಿ; ಪರಿಹಾರ ಕೇಳುವ ಹಕ್ಕು ಇದೆ. ಅದೇ ಕಡಲು ವಾರಗಟ್ಟಲೆ ದಡವನ್ನು ತಿನ್ನುತ್ತಾ ಬಂದು ಪಂಚಾಂಗದ ಅಡಿಯ ಮರಳನ್ನು ಎಳೆದುಕೊಂಡು ಹೋದರೆ ಅದು ಕೊರೆತ, ಪರಿಹಾರ ಇಲ್ಲ. ಮನೆ ಒಂದೇ, ಕಡಲೂ ಒಂದೇ; ಸರ್ವೆಯರ್ ತನ್ನ ವರದಿಯಲ್ಲಿ ಬರೆಯುವ ಕಾರಣ ಬೇರೆ. ಗುಡ್ಡದ ಮಾತೂ ಹಾಗೆಯೇ. ಮಳೆಗೆ ಗುಡ್ಡ ತಾನಾಗಿ ಜರಿದರೆ ರಕ್ಷಣೆ ಉಂಟು. ಜೇಸಿಬಿ ತಂದು ಗುಡ್ಡ ಕಡಿದು ಸೈಟು ಮಾಡಿ, ಕಡಿದ ಮಣ್ಣನ್ನೇ ತಗ್ಗಿಗೆ ತುಂಬಿಸಿ ಮನೆ ಕಟ್ಟಿದ್ದರೆ, ಕಂಪನಿ ತಕರಾರು ತೆಗೆಯಲು ಕಾರಣ ಸಿಗುತ್ತದೆ. ನಮ್ಮಲ್ಲಿ ಇತ್ತೀಚಿನ ಎಷ್ಟು ಮನೆಗಳು ಈ ರೀತಿ ಎದ್ದಿವೆ ಎಂಬುದನ್ನು ಓದುಗರು ತಮ್ಮ ವಾಳೆಯಲ್ಲೇ ಎಣಿಸಿ ನೋಡಬಹುದು.

ಕೇಳಬೇಕಾದ ಪ್ರಶ್ನೆಗಳು

ಏಜೆಂಟರು ಬಂದಾಗ ಪ್ರೀಮಿಯಂ ಎಷ್ಟು ಎಂಬುದು ಮೊದಲ ಪ್ರಶ್ನೆ ಆಗಬಾರದು. 'ನಮ್ಮ ಮನೆಗೆ ಬರಬಹುದಾದ ಅಪಾಯ ಇಂಥದ್ದು, ಇದಕ್ಕೆ ಹಣ ಕೊಡುತ್ತೀರಾ?' ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು ಊರ ಮನೆಗೆ ಬೀಗ ಹಾಕಿದವರು, ಮನೆ ಎಷ್ಟು ದಿನ ಖಾಲಿ ಇದ್ದರೆ ರಕ್ಷಣೆ ಉಳಿಯುತ್ತದೆ ಎಂದು ಕೇಳಲೇಬೇಕು. ಮನೆ ತೀರಿಕೊಂಡ ತಂದೆಯ ಹೆಸರಿನಲ್ಲೇ ಇದ್ದು ಪಾಲಾಗದಿದ್ದರೆ, ಹಣ ಯಾರ ಕೈಗೆ ಎಂಬ ಜಗಳ ಕ್ಲೇಮಿನ ಹೊತ್ತಿಗೆ ಏಳುತ್ತದೆ. ದಾಖಲೆ ಮೊದಲೇ ಸರಿಪಡಿಸುವುದು ಲೇಸು. ಗೋಡೆ, ಮಾಡು ಯಾವುದರದ್ದು, ಹಿಂದೆ ನೀರು ನುಗ್ಗಿದೆಯೇ ಎಂಬುದನ್ನು ಮುಚ್ಚಿಡಬಾರದು. ಮುಚ್ಚಿಟ್ಟದ್ದೇ ಮುಂದೆ ನಿರಾಕರಣೆಗೆ ಕಾರಣವಾದೀತು.

ಮಳೆಗಾಲಕ್ಕೆ ಮೊದಲು ಮನೆಯ ನಾಲ್ಕೂ ಬದಿಯ, ಒಳಗಿನ ಸಾಮಾನುಗಳ ಫೋಟೊ ತೆಗೆದು ಹೊರಗಿರುವ ಮಕ್ಕಳಿಗೂ ಕಳುಹಿಸಿಡಿ. ಹಾನಿಯಾದಾಗ ಕಂಪನಿಗೆ ಕೂಡಲೇ ತಿಳಿಸಿ, ಸರ್ವೆಯರ್ ಬರುವ ತನಕ ಬಿದ್ದದ್ದನ್ನು ಪೂರ್ತಿ ತೆಗೆಯದೆ, ಗ್ರಾಮ ಆಡಳಿತಾಧಿಕಾರಿಯ ಮಹಜರಿನ ಪ್ರತಿ ಪಡೆಯಿರಿ. ನಿರಾಕರಣೆ ಬಂದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಡಬೇಕು. ತಿಂಗಳೊಳಗೆ ತೃಪ್ತಿಕರ ಉತ್ತರ ಬಾರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಚರ್ಚಿನ ಪಾಲನಾ ಪರಿಷತ್ತಿನಲ್ಲಿ ಬ್ಯಾಂಕು, ವಿಮೆಯ ಕೆಲಸ ಬಲ್ಲವರು ಇದ್ದೇ ಇರುತ್ತಾರೆ. ಮೇ ತಿಂಗಳ ಒಂದು ಭಾನುವಾರ ಅವರು ಕುಳಿತು ಜನರ ಪಾಲಿಸಿ ಕಾಗದಗಳನ್ನು ಓದಿಕೊಟ್ಟರೆ ಅದೇ ದೊಡ್ಡ ಸೇವೆ.

ವಿಮೆಗೂ ಸಿಗದವರು

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಯಾರಿಗೆ ಅಪಾಯ ಅತಿ ಹೆಚ್ಚೋ, ಆ ತೀರದ ಮೀನುಗಾರ ಕುಟುಂಬಕ್ಕೆ ಈ ಪಾಲಿಸಿ ಅರ್ಧ ರಕ್ಷಣೆಯನ್ನಷ್ಟೇ ಕೊಡುತ್ತದೆ. ಕೊರೆತ ಖಚಿತವಾಗಿ ಬರುವ ಕಡೆ ಕಂಪನಿ ಹೊಣೆ ಹೊರಲು ಒಪ್ಪುವುದಿಲ್ಲ. ವ್ಯಾಪಾರದ ದೃಷ್ಟಿಯಲ್ಲಿ ಅದು ಸಹಜ. ಹಾಗಾದರೆ ಆ ಹೊಣೆ ಸಮಾಜದ್ದು, ಸರಕಾರದ್ದು. ಉಳ್ಳಾಲದಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ತಡೆಗೋಡೆಯಂಥ ಕಾಮಗಾರಿಗಳು ನಡೆದಿವೆ. ಆದರೂ ಕೊರೆತದ ಸುದ್ದಿ ನಿಂತಿಲ್ಲ. ವಿಪರೀತ ಮಳೆಯ ಅಪಾಯಕ್ಕೆ ನಾಗಾಲ್ಯಾಂಡ್ ಸರಕಾರ ರಾಜ್ಯದ ಹೆಸರಿನಲ್ಲೇ ವಿಮೆ ಮಾಡಿಸಿದೆ. ಕರ್ನಾಟಕದ ಕರಾವಳಿಗೂ ಕೊರೆತವನ್ನು ಒಳಗೊಂಡ ಅಂಥ ಯೋಜನೆಯೊಂದು ಬೇಕೆಂದು ನಮ್ಮ ಜನಪ್ರತಿನಿಧಿಗಳನ್ನು ಕೇಳುವುದು ತಪ್ಪಲ್ಲ.

ಅಲ್ಲಿಯ ತನಕ, ಸಾಧ್ಯವಿರುವವರು ತಮ್ಮ ಮನೆಗೆ ತಕ್ಕ ವಿಮೆ ಮಾಡಿಸಲಿ. ಮಾಡಿಸಲಾಗದ ನೆರೆಮನೆಯವರನ್ನು, ಅಲೆ ಎದ್ದ ರಾತ್ರಿ ಮಾತ್ರವಲ್ಲ, ಬೇಡಿಕೆ ಮಂಡಿಸುವ ಸಭೆಯಲ್ಲೂ ನೆನಪಿಟ್ಟುಕೊಳ್ಳೋಣ.