ಆಮೆಯ ದಂಡೆಯಲ್ಲಿ ಅರಮನೆ ಕಟ್ಟುವ ಮುನ್ನ

ಸದ್ದುಗದ್ದಲವಿಲ್ಲದ ಕಡಲ ದಂಡೆ, ಬೆನ್ನಿಗೆ ಹಸಿರು ಕಾಡು, ಎದುರಿಗೆ ಸರ್ಫಿಂಗ್‌ಗೆ ಹೇಳಿ ಮಾಡಿಸಿದಂತಹ ಅಲೆಗಳು. ಮಧ್ಯ ಅಮೆರಿಕದ ಪುಟ್ಟ ರಾಷ್ಟ್ರ ಕೋಸ್ಟರಿಕಾದಲ್ಲಿ ಇಂತಹ ಕಡೆ ಮನೆ, ನಿವೇಶನ ಕೊಳ್ಳುವ ವಿದೇಶಿಯರಿಗೆ ಕೊರತೆಯಿಲ್ಲ. ಆದರೆ ಪೆಸಿಫಿಕ್ ತೀರದ ಗ್ವಾನಕಾಸ್ತೆ ಪ್ರಾಂತ್ಯದ ಪ್ಲಾಯಾ ಗ್ರಾಂದೆಯ ಅನುಭವ ಕಟುವಾದ ಪ್ರಶ್ನೆಯೊಂದನ್ನು ಮುಂದಿಟ್ಟಿದೆ. ದಂಡೆಯ ನೆಮ್ಮದಿಯನ್ನು ಕಾಯುತ್ತಿರುವ ಕಾನೂನೇ ಒಂದು ದಿನ ಕೊಂಡವನ ನೆಲವನ್ನೂ ಕೇಳಿದರೆ ಗತಿಯೇನು?

ಪ್ಲಾಯಾ ಗ್ರಾಂದೆಯ ನೆರೆಯಲ್ಲೇ, ಅಳಿವೆಯ ಆಚೆ ದಡದಲ್ಲಿ ತಾಮರಿಂದೊ ಪಟ್ಟಣವಿದೆ. ಅಲ್ಲಿ ಹೋಟೆಲುಗಳು, ವಸತಿ ಸಮುಚ್ಚಯಗಳು ದಂಡೆಗುಂಟ ಎದ್ದು ನಿಂತಿವೆ. ಈಚೆ ದಡ ಹಾಗಾಗದಿರಲು ಕಾರಣ ಲೆದರ್‌ಬ್ಯಾಕ್ ಎಂಬ ಬೃಹತ್ ಕಡಲಾಮೆ. ಪ್ಲಾಯಾ ಗ್ರಾಂದೆಗೆ ಮೊಟ್ಟೆಯಿಡಲು ಬರುವ ಈ ಆಮೆಗಳ ಸಂಖ್ಯೆ 1988-89ರಲ್ಲಿ 1,367 ಇತ್ತು. 1998-99ರಲ್ಲಿ ಅದು 117ಕ್ಕೆ ಕುಸಿಯಿತು. ಮೊಟ್ಟೆಗಳ ಲೂಟಿ, ಮೀನುಗಾರಿಕೆಯ ಬಲೆ ಹಾಗೂ ಗಾಳಗಳು ಇದಕ್ಕೆ ಮುಖ್ಯ ಕಾರಣಗಳು. ದಂಡೆಯ ವಿದ್ಯುದ್ದೀಪಗಳೂ ಅಪಾಯಕಾರಿಯೇ. ಮೊಟ್ಟೆಯೊಡೆದು ಬಂದ ಮರಿಗಳು ಬೆಳಕಿಗೆ ಮರುಳಾಗಿ ಕಡಲಿನ ದಾರಿ ತಪ್ಪುತ್ತವೆ.

ಈ ಆಮೆಗಳ ರಕ್ಷಣೆಗೆಂದೇ 1991ರಲ್ಲಿ ಸರ್ಕಾರಿ ಆದೇಶದ ಮೂಲಕ ಲಾಸ್ ಬೌಲಾಸ್ ಸಾಗರ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. 1995ರಲ್ಲಿ ಅದಕ್ಕೆ ಶಾಸನದ ಬಲ ದೊರೆಯಿತು.

75 ಮೀಟರ್‌ಗಳ ಜಗಳ

ಉಬ್ಬರದ ರೇಖೆಯಿಂದ 125 ಮೀಟರ್ ಅಗಲದ ಪಟ್ಟಿ ಉದ್ಯಾನಕ್ಕೆ ಸೇರಬೇಕೆಂಬುದು 1991ರ ಆದೇಶದ ಆಶಯ. ಇದರಲ್ಲಿ ಮೊದಲ 50 ಮೀಟರ್ ಹೇಗೂ ಸಾರ್ವಜನಿಕ ಭೂಮಿ. ಉಳಿದ 75 ಮೀಟರ್‌ಗಳಲ್ಲಿ ಖಾಸಗಿ ನಿವೇಶನಗಳಿದ್ದವು. ಗೊಂದಲಕ್ಕೆ ಕಾರಣವಾದದ್ದು 1995ರ ಶಾಸನದ ಪದಪ್ರಯೋಗ. ಗಡಿಯನ್ನು ಕಡಲಿನ ಕಡೆಗೆ ಅಳೆಯಬೇಕೆಂಬ ಅರ್ಥ ಬರುವಂತೆ ಅದನ್ನು ಬರೆಯಲಾಗಿತ್ತು. ತಮ್ಮ ನೆಲ ಉದ್ಯಾನದ ಹೊರಗಿದೆ ಎಂದು ಮಾಲೀಕರು ವಾದಿಸಿದರು. ಒಳನಾಡಿನ ಕಡೆಯ ಪಟ್ಟಿಯೂ ಉದ್ಯಾನಕ್ಕೇ ಸೇರಿದ್ದು ಎಂದು ಅಟಾರ್ನಿ ಜನರಲ್ ಕಚೇರಿ 2005ರಲ್ಲಿ ಅಭಿಪ್ರಾಯ ನೀಡಿತು. ಭೂಸ್ವಾಧೀನವನ್ನು ಮುಂದುವರಿಸುವಂತೆ ಸಾಂವಿಧಾನಿಕ ನ್ಯಾಯಪೀಠ 2008ರಲ್ಲಿ ಆದೇಶಿಸಿತು.

ಪರಿಹಾರಕ್ಕೆ ಹಣವೆಲ್ಲಿ ಎಂಬುದು ಸರ್ಕಾರದ ಚಿಂತೆಯಾಯಿತು. ಅಧ್ಯಕ್ಷ ಆಸ್ಕರ್ ಅರಿಯಾಸ್ ಅವರ ಸರ್ಕಾರ ಉದ್ಯಾನದ ಸ್ಥಾನಮಾನವನ್ನು ತಗ್ಗಿಸುವ ಮಸೂದೆಯನ್ನು 2009ರಲ್ಲಿ ಮುಂದಿಟ್ಟಿತಾದರೂ ಅದು ಶಾಸನವಾಗಲಿಲ್ಲ.

ಅಷ್ಟರಲ್ಲಿ ವಿದೇಶಿ ಮಾಲೀಕರು ಅಂತಾರಾಷ್ಟ್ರೀಯ ಮಧ್ಯಸ್ಥಿಕೆಯ ಮೆಟ್ಟಿಲೇರಿದ್ದರು. ಜರ್ಮನಿಯ ಇಬ್ಬರಿಗೆ 31 ಲಕ್ಷ ಡಾಲರ್ ಹಾಗೂ ಬಡ್ಡಿ ನೀಡಬೇಕೆಂದು 2012ರಲ್ಲಿ ತೀರ್ಪು ಬಂತು. ಆದರೆ ಅಮೆರಿಕದ ಹೂಡಿಕೆದಾರರ ಬಹುತೇಕ ವಾದಗಳು 2016ರಲ್ಲಿ ಬಿದ್ದುಹೋದವು. ವ್ಯಾಪಾರ ಒಪ್ಪಂದ ಜಾರಿಯಾಗುವ ಮೊದಲಿನ ಘಟನೆಗಳ ವಿಚಾರಣೆ ತನ್ನ ವ್ಯಾಪ್ತಿಗೆ ಬರುವುದಿಲ್ಲವೆಂದು ನ್ಯಾಯಮಂಡಳಿ ಹೇಳಿತು. ದಂಡೆ ಒಂದೇ, ಕಾನೂನು ಒಂದೇ; ಪರಿಹಾರ ಮಾತ್ರ ಕೈಯಲ್ಲಿದ್ದ ಪಾಸ್‌ಪೋರ್ಟಿನ ಮೇಲೆ ನಿಂತಿತು.

ಎಲ್ಲ ನೆಲವೂ ಮಾರಾಟಕ್ಕಿಲ್ಲ

ಒಳನಾಡಿನ ನೋಂದಾಯಿತ ಆಸ್ತಿಯನ್ನು ವಿದೇಶಿಯರೂ ಕೋಸ್ಟರಿಕಾದಲ್ಲಿ ನಿರಾತಂಕವಾಗಿ ಕೊಳ್ಳಬಹುದು. ಕಡಲಂಚಿನ ಕಥೆ ಬೇರೆ. 1977ರ ಕಡಲತೀರ ವಲಯ ಕಾಯ್ದೆಯ ಪ್ರಕಾರ ಉಬ್ಬರದ ರೇಖೆಯಿಂದ 200 ಮೀಟರ್ ಭೂಮಿ ಸರ್ಕಾರದ್ದು. ಹಳೆಯ ನೋಂದಾಯಿತ ಆಸ್ತಿಗಳು ಇದಕ್ಕೆ ಹೊರತು. ಮೊದಲ 50 ಮೀಟರ್ ಸರ್ವರಿಗೂ ಮುಕ್ತ. ಉಳಿದ 150 ಮೀಟರ್‌ಗಳಲ್ಲಿ ಸ್ಥಳೀಯ ಪುರಸಭೆಯಿಂದ 5ರಿಂದ 20 ವರ್ಷಗಳ ಅವಧಿಗೆ ಬಳಕೆಯ ಹಕ್ಕು ದೊರೆಯಬಹುದೇ ಹೊರತು ಒಡೆತನವಲ್ಲ. ಆ ದೇಶದಲ್ಲಿ ಕನಿಷ್ಠ ಐದು ವರ್ಷ ವಾಸಿಸದ ವಿದೇಶಿಗೆ ಅದೂ ಇಲ್ಲ.

ಭಾರತದ ನಿವಾಸಿಗಳು ಇಂದು ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ವರ್ಷಕ್ಕೆ 2.5 ಲಕ್ಷ ಡಾಲರ್‌ವರೆಗೆ ಕಳುಹಿಸಿ ಹೊರದೇಶದಲ್ಲಿ ಆಸ್ತಿ ಕೊಳ್ಳಬಹುದು. ಹಾಗಾಗಿ ಬೆಂಗಳೂರು, ಮಂಗಳೂರಿನ ಹಣವಂತರಿಗೂ ಇದು ದೂರದ ಮಾತಲ್ಲ. ಭೂಮಿ ನೋಂದಾಯಿತವೋ ಬರೀ ಬಳಕೆಯ ಹಕ್ಕೋ, ಸಂರಕ್ಷಿತ ಗಡಿ ಎಲ್ಲಿ ಹಾದುಹೋಗುತ್ತದೆ, ವ್ಯಾಜ್ಯವಾದರೆ ರಕ್ಷಣೆಗೆ ಯಾವ ಒಪ್ಪಂದವಿದೆ ಎಂಬ ಮೂರು ಪ್ರಶ್ನೆಗಳಿಗೆ ಮಾರುವವನಿಂದಲ್ಲ, ಸ್ವತಂತ್ರ ವಕೀಲರಿಂದ ಉತ್ತರ ಪಡೆಯುವುದು ಕ್ಷೇಮ.

ಆಮೆಯಿಲ್ಲದಿದ್ದರೆ ಪ್ಲಾಯಾ ಗ್ರಾಂದೆ ಇನ್ನೊಂದು ತಾಮರಿಂದೊ ಆಗಿರುತ್ತಿತ್ತು. ಅಲ್ಲಿನ ಮೌನಕ್ಕೆ ಬೆಲೆ ಕೊಟ್ಟು ಮನೆ ಕೊಳ್ಳುವವರು, ಆ ಮೌನವನ್ನು ಕಾಯ್ದ ಕಟ್ಟುಪಾಡು ತಮ್ಮ ಬೇಲಿಗೆ ಮಾತ್ರ ಅನ್ವಯಿಸಬಾರದೆಂದು ಬಯಸಲಾಗದು.