ಚೈನಾ ಮಾಲು

ಆಲಮಟ್ಟಿಯ ದಾರಿಯಲ್ಲಿ ಒಂದು ಚಹಾದಂಗಡಿಯಿದೆ. ಭಾನುವಾರ ಬೆಳಿಗ್ಗೆ ವಿಜಯಪುರದ ಕಡೆಯಿಂದ ಹೊರಟ ಸೈಕಲ್ ಸವಾರರು ಅಲ್ಲಿ ಕಾಲು ಊರುವುದು ರೂಢಿ. ಹೋದ ಚಳಿಗಾಲದಲ್ಲಿ ಬೆಂಗಳೂರಿನ ಮೂವರು ಗೃಹಸ್ಥರು ಅಲ್ಲಿ ಸಿಕ್ಕರು. ಮೂವರ ಸೈಕಲ್ಲುಗಳ ಬೆಲೆ ಕೂಡಿಸಿದರೆ ನಮ್ಮ ಓಣಿಯಲ್ಲಿ ಒಂದು ಖಾಲಿ ಸೈಟು ಬರುತ್ತಿತ್ತು. ಅವರಲ್ಲೊಬ್ಬರು ಗೋಡೆಗೆ ಆನಿಸಿದ್ದ ನನ್ನ ಸೈಕಲ್ಲನ್ನು ಎರಡು ಬೆರಳಲ್ಲಿ ಎತ್ತಿ, ಹಗುರವಾಗಿದೆಯಲ್ಲ ಎಂದು ಹುಬ್ಬೇರಿಸಿ, ಹೆಸರಿಗಾಗಿ ಹುಡುಕಿದರು. ಕಪ್ಪು ಫ್ರೇಮಿನ ಮೇಲೆ ಯಾವ ಹೆಸರೂ ಇರಲಿಲ್ಲ.

"ಯಾವ ಕಂಪನಿ ಸರ್?"

"ಹೆಸರಿಲ್ಲ. ಬಿಡಿಬಿಡಿಯಾಗಿ ತರಿಸಿ ನಾನೇ ಜೋಡಿಸಿದ್ದು."

"ಚೈನಾ ಕಾರ್ಬನ್ನಾ?"

ಹೌದೆಂದೆ. ಒಲೆಯ ಮೇಲಿನ ಪಾತ್ರೆ ಮುಟ್ಟಿದವರಂತೆ ಕೆಳಗಿಟ್ಟುಬಿಟ್ಟರು. "ಚೈನಾ ಮಾಲು ಸರ್, ಯಾವತ್ತು ಮುರಿಯುತ್ತೋ ಹೇಳಕ್ಕಾಗಲ್ಲ. ಮುಂದಿನ ಫೋರ್ಕ್ ಹೋದರೆ ಒಂದು ಹಲ್ಲೂ ಉಳಿಯಲ್ಲ." ಆಮೇಲೆ, ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ನನ್ನ ಮಗಳ ಕಡೆ ನೋಡಿ, "ನಿಮ್ಮ ಮಗಳನ್ನ ಇದರ ಮೇಲೆ ಕೂರಿಸ್ತೀರಾ?" ಎಂದರು.

ನಾನು ಸುಮ್ಮನಿದ್ದೆ. ಆ ಪ್ರಶ್ನೆ ಎರಡು ತಿಂಗಳು ನನ್ನನ್ನು ಬಿಡಲಿಲ್ಲ. ಅಲ್ಲಿ ಕೊಡದ ಉತ್ತರವನ್ನು ಇಲ್ಲಿ ಕೊಡುತ್ತಿದ್ದೇನೆ, ಸ್ವಲ್ಪ ಉದ್ದವಾದೀತು.

ಮೊದಲು ಲೆಕ್ಕ. ಪದವಿಪೂರ್ವ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಹೇಳಿಕೊಡುವವನಿಗೆ ಲೆಕ್ಕವೇ ಕುಲದೇವರು. ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಕಾರ್ಬನ್ನಿನ ರೋಡ್ ಸೈಕಲ್ಲಿಗೆ 2,90,000 ರೂಪಾಯಿ ಹೇಳಿದರು, ಅದೂ ಪೆಡಲ್ ಬಿಟ್ಟು. ನನ್ನದು ಹೀಗೆ: ಬೆಂಗಳೂರಿನ ಒಬ್ಬ ಸಣ್ಣ ಆಮದುದಾರರ ಮೂಲಕ ತರಿಸಿದ ಫ್ರೇಮು, ಫೋರ್ಕು, ಸೀಟಿನ ಪೈಪು ಸುಂಕವೆಲ್ಲ ಸೇರಿ 48,000. ಕಾರ್ಬನ್ ಹ್ಯಾಂಡಲ್ 5,500. ಶಿಮಾನೋ ಟಿಯಾಗ್ರಾ ಗೇರು ಮತ್ತು ಡಿಸ್ಕ್ ಬ್ರೇಕಿನ ಸೆಟ್ಟು 38,000. ಅಲ್ಯೂಮಿನಿಯಂ ರಿಮ್ಮಿನ ಗಾಲಿಗಳು 14,000. ಟೈರು, ಟ್ಯೂಬು, ಸೀಟು, ಚಿಲ್ಲರೆ ಸಾಮಾನು ಎಲ್ಲ ಕೂಡಿ 11,500. ಒಟ್ಟು 1,17,000. ಇದೇನೂ ಬಡವನ ಸೈಕಲ್ಲಲ್ಲ, ಒಪ್ಪುತ್ತೇನೆ. ಹೆಂಡತಿ ಈಗಲೂ ಒಪ್ಪಿಲ್ಲ. ಆದರೆ 2,90,000ಕ್ಕೂ 1,17,000ಕ್ಕೂ ನಡುವಿನ ಅಂತರ ನಮ್ಮಂಥ ಮನೆಯಲ್ಲಿ ಮಗಳ ಒಂದು ವರ್ಷದ ಕಾಲೇಜು ಫೀಸು.

ಆ ಅಂತರಕ್ಕೆ ಏನು ಸಿಗುತ್ತದೆ? "ಸುರಕ್ಷತೆ" ಎಂದರು ಆ ಗೃಹಸ್ಥರು. ನನ್ನ ಜಗಳವಿರುವುದು ಈ ಒಂದು ಮಾತಿನ ಜೊತೆ.

ಕಾರ್ಬನ್ ಫ್ರೇಮು ಎಂದರೆ ಲೋಹದ್ದಲ್ಲ, ಗಟ್ಟಿಗೊಳಿಸಿದ ಒಂದು ಕೌದಿ. ನಮ್ಮ ಕಡೆ ಅಜ್ಜಿಯರು ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಹೊಲಿಯುತ್ತಾರಲ್ಲ, ಹಾಗೆಯೇ ಅಂಟು ಸವರಿದ ಇಂಗಾಲದ ಎಳೆಯ ಹಾಳೆಗಳನ್ನು ಅಚ್ಚಿನೊಳಗೆ ಒಂದೊಂದು ದಿಕ್ಕಿಗೆ ಒಂದೊಂದರಂತೆ ಕೈಯಿಂದಲೇ ಹಾಸಿ, ಒಳಗಿನಿಂದ ಒತ್ತಡ ಕೊಟ್ಟು ಬೇಯಿಸುತ್ತಾರೆ. ಎಳೆ ಯಾವ ದಿಕ್ಕಿಗಿದೆಯೋ ಆ ದಿಕ್ಕಿಗೆ ಬಲ. ಎಲ್ಲಿ ಎಷ್ಟು ಪದರ, ಯಾವ ಕೋನದಲ್ಲಿ ಎಂಬುದರಲ್ಲಿ ವಿದ್ಯೆಯೆಲ್ಲ ಇದೆ. ಕೌದಿಯಲ್ಲಿ ಒಂದು ಸುಕ್ಕು ಉಳಿದರೆ ಬೆನ್ನಿಗೆ ಚುಚ್ಚುತ್ತದೆ. ಕಾರ್ಬನ್ನಿನಲ್ಲಿ ಸುಕ್ಕು ಉಳಿದರೆ ಅಲ್ಲಿಂದಲೇ ಬಿರುಕು ಹುಟ್ಟುತ್ತದೆ. ಉಕ್ಕು ಮೊದಲು ಬಾಗಿ ಆಮೇಲೆ ಮುರಿಯುವುದುಂಟು. ಕಾರ್ಬನ್ನಿಗೆ ಬಾಗಿ ಎಚ್ಚರಿಸುವ ಸೌಜನ್ಯವಿಲ್ಲ. ಇದಿಷ್ಟೂ ನಿಜ, ಗೃಹಸ್ಥರ ಭಯ ಪೂರಾ ಸುಳ್ಳಲ್ಲ.

ಆದರೆ ಆ ಕೌದಿ ಹೊಲಿಯುವ ಕೈಗಳು ಯಾವ ದೇಶದಲ್ಲಿವೆ? ಅಮೆರಿಕದ, ಇಟಲಿಯ ಹೆಸರು ಹೊತ್ತು ಬರುವ ಕಾರ್ಬನ್ ಫ್ರೇಮುಗಳಲ್ಲಿ ಬಹುಪಾಲು ಹುಟ್ಟುವುದು ತೈವಾನಿನಲ್ಲಿ, ಇಲ್ಲವೆ ಚೀನಾದಲ್ಲಿ. 1972ರಲ್ಲಿ ತೈವಾನಿನಲ್ಲಿ ಶುರುವಾದ ಜೈಂಟ್ ಕಂಪನಿ ಬೆಳೆದದ್ದೇ ಅಮೆರಿಕದ ಶ್ವಿನ್‌ನಂಥ ಬೇರೆಯವರ ಹೆಸರಿಗೆ ಸೈಕಲ್ ಮಾಡಿಕೊಟ್ಟು. ಚಹಾದಂಗಡಿಯಲ್ಲಿ ನನ್ನ ಸೈಕಲ್ಲಿನ ಪಕ್ಕಕ್ಕೆ ನಿಂತಿದ್ದ ಆ ಮೂರರಲ್ಲಿ ಒಂದಾದರೂ ಅದೇ ಸಮುದ್ರ ದಾಟಿ ಬಂದದ್ದೆಂದು ನಾನು ಪಣ ಕಟ್ಟಬಲ್ಲೆ. ಚೀನಾದಿಂದ ಹೆಸರಿನೊಡನೆ ಬಂದರೆ ಅದು ತಂತ್ರಜ್ಞಾನ, ಹೆಸರಿಲ್ಲದೆ ಬಂದರೆ ಚೈನಾ ಮಾಲು.

ಇಲ್ಲಿ ನನ್ನ ಕಡೆಯವರು ಚಪ್ಪಾಳೆ ತಟ್ಟುವ ಮೊದಲೇ ಹೇಳಿಬಿಡುತ್ತೇನೆ. ಒಂದೇ ಊರಿನ ಕಾರ್ಖಾನೆ ಎಂದ ಮಾತ್ರಕ್ಕೆ ಒಂದೇ ಗುಣಮಟ್ಟವಲ್ಲ. ದೊಡ್ಡ ಕಂಪನಿ ತನ್ನದೇ ಅಚ್ಚು ಮಾಡಿಸುತ್ತದೆ, ಫ್ರೇಮುಗಳನ್ನು ಯಂತ್ರಕ್ಕೆ ಕಟ್ಟಿ ಮುರಿಯುವ ತನಕ ಕುಲುಕಿಸಿ ನೋಡುತ್ತದೆ, ಒಡೆದರೆ ಬದಲಿ ಕೊಡುತ್ತದೆ. ನನ್ನದು ಕಾರ್ಖಾನೆಯವರೇ ವಿನ್ಯಾಸ ಮಾಡಿ, ಕೇಳಿದವರಿಗೆಲ್ಲ ಮಾರುವ ಅಚ್ಚಿನದು. ಐಎಸ್‌ಒ 4210 ಎಂಬ ಸೈಕಲ್ ಸುರಕ್ಷತೆಯ ಮಾನದಂಡವಿದೆ. ಅದರ ಪರೀಕ್ಷೆಯ ವರದಿ ಕೇಳಿದೆ, ಕಳಿಸಿದರು. ನಂಬಿದೆನೇ? ಅರ್ಧ ನಂಬಿದೆ. ಕೊಟ್ಟ ಹೆಚ್ಚಿನ ಹಣದಲ್ಲಿ ಪರೀಕ್ಷೆಯ ಪಾಲೂ ಇದೆ. ಆದರೆ ಅದರಲ್ಲೇ ಜಾಹೀರಾತು, ಫ್ರಾನ್ಸಿನಲ್ಲಿ ಓಡುವ ತಂಡಗಳ ಖರ್ಚು, ವಿತರಕರ ಲಾಭ, ಗಾಜಿನ ಅಂಗಡಿಯ ಬಾಡಿಗೆಯೂ ಇವೆ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ "ಸುರಕ್ಷತೆ" ಎಂದು ಚೀಟಿ ಅಂಟಿಸಿದರೆ ವಾಣಿಜ್ಯಶಾಸ್ತ್ರದವನು ಸುಮ್ಮನಿರುವುದು ಹೇಗೆ?

ಇನ್ನು ಇನ್ನೊಂದು ಜಾತಿಯವರಿದ್ದಾರೆ. ಅಗ್ಗದ ಫ್ರೇಮಿನ ಮೇಲೆ ಇಟಲಿಯ ಪ್ರಸಿದ್ಧ ಹೆಸರು ಬರೆಸಿ ತರಿಸುವವರು. ಹೆಸರಿಲ್ಲದ ಮಾಲು ತನ್ನ ಬಗ್ಗೆ ಸುಳ್ಳು ಹೇಳುವುದಿಲ್ಲ. ಕಳ್ಳ ಹೆಸರಿನದು ಮೊದಲ ನೋಟಕ್ಕೇ ಸುಳ್ಳು ಹೇಳುತ್ತದೆ, ಒಳಗಿನ ಪದರದ ಬಗ್ಗೆ ಅದು ನಿಜ ಹೇಳೀತೆಂದು ನಂಬುವವರಿಗೆ ಏನು ಹೇಳಲಿ? ಆ ಗೃಹಸ್ಥರು ಇಂಥವರನ್ನು ಬೈದಿದ್ದರೆ ನಾನೂ ಜೊತೆಗೆ ಎರಡು ಮಾತು ಸೇರಿಸುತ್ತಿದ್ದೆ.

ಜೋಡಿಸಿದ ಕಥೆಗೆ ಬರುತ್ತೇನೆ. ಫ್ರೇಮು ಆರಿಸುವಾಗ ನಾನು ಹಟ ಹಿಡಿದದ್ದು ಒಂದಕ್ಕೆ: ಪೆಡಲಿನ ಅಚ್ಚು ಕೂರುವ ಬಿಬಿ ಕಪ್ಪು ತಿರುವಿ ಕೂರಿಸುವಂಥದಾಗಿರಬೇಕು, ಒತ್ತಿ ಕೂರಿಸುವಂಥದು ಬೇಡ. ಒತ್ತಿ ಕೂರಿಸುವುದಕ್ಕೆ ಫ್ರೇಮಿನ ರಂಧ್ರ ಕೂದಲೆಳೆಯಷ್ಟೂ ಆಚೀಚೆ ಇರಬಾರದು. ಅಗ್ಗದ ಅಚ್ಚಿನಲ್ಲಿ ಅಷ್ಟು ನಿಖರತೆಯನ್ನು ನಂಬಲು ನನ್ನ ಧೈರ್ಯ ಸಾಲಲಿಲ್ಲ.

ಮಾಲು ಬಂದ ದಿನ ಪೇಟೆಯ ದೊಡ್ಡ ಅಂಗಡಿಯೊಂದಕ್ಕೆ ಒಯ್ದೆ. ನಮ್ಮಲ್ಲಿ ಕೊಂಡದ್ದಲ್ಲ, ಮುಟ್ಟುವುದಿಲ್ಲ ಎಂದರು. ಕಡೆಗೆ ಹೋದದ್ದು ನಮ್ಮ ಓಣಿಯ ತುದಿಯಲ್ಲಿ ನಲವತ್ತು ವರ್ಷದಿಂದ ಪಂಕ್ಚರು ಹಾಕುವ ಚಾಚಾನ ಬಳಿಗೆ. ಕಾರ್ಬನ್ ಎಂಬುದನ್ನು ಆತ ಅವತ್ತೇ ಮೊದಲ ಸಲ ಕೈಯಲ್ಲಿ ಹಿಡಿದದ್ದು. ಉಗುರಿನಿಂದ ತಟ್ಟಿ ನೋಡಿ, "ಸರ, ಇದು ಕೊಡಾ ಬಡದಂಗ ಸಪ್ಪಳ ಮಾಡ್ತೈತಲ್ರಿ" ಎಂದ. ನಾನು ಓದಿಕೊಂಡಿದ್ದ ಪರೀಕ್ಷೆಯೇ ಅದು. ನಾಣ್ಯದಿಂದ ಉದ್ದಕ್ಕೂ ತಟ್ಟುತ್ತ ಹೋಗಬೇಕು, ಎಲ್ಲಾದರೂ ಸದ್ದು ಮಂದವಾದರೆ ಒಳಗೆ ಪದರ ಬಿಟ್ಟಿರಬಹುದು. ಪೂರ್ತಿ ನೆಚ್ಚುವ ಪರೀಕ್ಷೆಯಲ್ಲ, ಆದರೆ ಪುಕ್ಕಟೆ. ಇಬ್ಬರೂ ಕೂತು ಒಂದು ತಾಸು ತಟ್ಟಿದೆವು. ಬ್ಯಾಟರಿ ಬಿಟ್ಟು ಕೊಳವೆಗಳ ಒಳಗೆ ಇಣುಕಿದೆವು.

ಬಿಬಿ ಕಪ್ಪನ್ನು ನಾನು ಬಲಕ್ಕೆ ತಿರುಗಿಸಲು ಹೋದಾಗ ಚಾಚಾ ಕೈ ಹಿಡಿದ. "ಉಲ್ಟಾ ಥ್ರೆಡ್ ಇರ್ತೈತ್ರಿ ಸರ. ಚೈನ್ ಬದಿದು ಎಡಕ್ಕ ತಿರುವಬೇಕು. ಹರ್ಕ್ಯುಲಿಸ್‌ಗೂ ಹಿಂಗ ಇತ್ತು." ಇಂಗ್ಲಿಷರ ಕಾಲದ ಅಳತೆ, ಬಿಎಸ್‌ಎ ಕಂಪನಿಯ ಹೆಸರನ್ನು ಇವತ್ತಿಗೂ ಹೊತ್ತಿರುವ ಥ್ರೆಡ್ಡು. ಚೀನಾದ ಕಾರ್ಬನ್ನಿನಲ್ಲಿಯೂ ಅದೇ. ಬಲವಂತ ಮಾಡಿದ್ದರೆ ಮೊದಲ ದಿನವೇ ಫ್ರೇಮು ಕೆಡುತ್ತಿತ್ತು. ಪೇಟೆಯ ಅಂಗಡಿಯವರು ಮುಟ್ಟದ ಸೈಕಲ್ಲನ್ನು ಉಳಿಸಿದ್ದು ಹಳೆಯ ಹರ್ಕ್ಯುಲಿಸ್ಸಿನ ವಿದ್ಯೆ.

ಆದರೂ ನಾನು ಒಂದನ್ನು ಮುರಿದೆ. ಚಾಚಾ ಊಟಕ್ಕೆ ಹೋಗಿದ್ದಾಗ ಅವಸರಕ್ಕೆ ಬಿದ್ದು ಸೀಟಿನ ಪೈಪಿನ ಬೋಲ್ಟನ್ನು ಸಾಮಾನ್ಯ ಅಲೆನ್ ಕೀಯಿಂದ ಬಿಗಿಮಾಡಿದೆ. ಜಾರದಿರಲಿ ಎಂದು ಇನ್ನೊಂದು ಸುತ್ತು. ಟಿಕ್ ಎಂದಿತು. ಅಷ್ಟು ಸಣ್ಣ ಸದ್ದು. ಬಿಚ್ಚಿ ನೋಡಿದರೆ ಪೈಪಿನ ಮೇಲೆ ಕೂದಲಿನಂಥ ಗೆರೆ. ಅಲ್ಲಿಗೆ ಬೇಕಾದದ್ದು 5 ನ್ಯೂಟನ್ ಮೀಟರಿನ ಬಿಗಿ, ಅದು ಬೋಲ್ಟಿನ ಪಕ್ಕದಲ್ಲೇ ಅಚ್ಚಾಗಿತ್ತು. ಬಿಗಿ ಅಳೆಯುವ ಟಾರ್ಕ್ ಪಾನಾ ಕೊಂಡಿರಲಿಲ್ಲ, 3,000 ರೂಪಾಯಿ ಉಳಿಸಿದ್ದೆ. ಹೊಸ ಪೈಪಿಗೆ 2,800 ಕೊಟ್ಟೆ. ಪಾನಾವನ್ನೂ ಕೊಂಡೆ. ಜೊತೆಗೆ ಕಾರ್ಬನ್ನಿಗೆಂದೇ ಇರುವ ಮರಳುಮರಳಾದ ಅಂಟು, ಅದನ್ನು ಸವರಿದರೆ ಕಡಿಮೆ ಬಿಗಿಯಲ್ಲಿಯೂ ಪೈಪು ಜಾರುವುದಿಲ್ಲ. ಈ ಮೂರರ ಹಣ ಮೇಲಿನ ಲೆಕ್ಕದಲ್ಲಿಲ್ಲ. ದಡ್ಡತನದ ಖರ್ಚನ್ನು ಬೇರೆ ಖಾತೆಗೆ ಬರೆಯಬೇಕು.

ಗೃಹಸ್ಥರೇ, ಆ ಗೆರೆ ಹಾಕಿದವನು ಚೀನಾದವನಲ್ಲ. ನಿಮ್ಮ ನಾಲ್ಕು ಲಕ್ಷದ ಸೈಕಲ್ಲಿನ ಪೈಪನ್ನೂ ನನ್ನ ಕೈ ಅದೇ ಒಂದು ಸುತ್ತಿನಲ್ಲಿ ಒಡೆಯುತ್ತಿತ್ತು. ನಿಮ್ಮ ಸೈಕಲ್ಲು ಬಿದ್ದಾಗ, ಕಾರಿನ ಮೇಲೆ ಕಟ್ಟಿ ಒಯ್ಯುವಾಗ ತಾಗಿದಾಗ, ನೀವು ಎಷ್ಟು ಸಲ ಟೇಪು ಬಿಚ್ಚಿ ಹ್ಯಾಂಡಲ್ ನೋಡಿದ್ದೀರಿ? ಹೆಸರಿದೆಯೆಂಬ ಧೈರ್ಯದಲ್ಲಿ ನೋಡದಿರುವುದಕ್ಕಿಂತ, ಹೆಸರಿಲ್ಲವೆಂಬ ಭಯದಲ್ಲಿ ವಾರಕ್ಕೊಮ್ಮೆ ನೋಡುವುದು ಮೇಲಲ್ಲವೇ?

ದೇಶಭಕ್ತಿಯ ಮಾತನ್ನೂ ಕೆಲವರು ಎತ್ತುತ್ತಾರೆ. 2020ರ ಜೂನಿನಲ್ಲಿ ಗಲ್ವಾನಿನಲ್ಲಿ ನಮ್ಮ ಯೋಧರು ಸತ್ತರು, ಅದೇ ವರ್ಷದ ನವೆಂಬರಿನಲ್ಲಿ ಸರ್ಕಾರ ಅಲಿಎಕ್ಸ್‌ಪ್ರೆಸ್ಸನ್ನು ನಿಷೇಧಿಸಿತು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಅದು ನಿಂತ ಜಾಗ. ಚೀನಾದಲ್ಲೇ ಆದ ಫ್ರೇಮು ಅಮೆರಿಕದ ಹೆಸರು ಹೊತ್ತು ಗಾಜಿನ ಅಂಗಡಿಗೆ ಬಂದರೆ ಯಾರಿಗೂ ನೋವಿಲ್ಲ. ಮಾಸ್ತರನೊಬ್ಬ ಸುಂಕ ಕಟ್ಟಿ ಒಂದು ಪೆಟ್ಟಿಗೆ ತರಿಸಿದರೆ ಗಡಿ ನೆನಪಾಗುತ್ತದೆ. ಸ್ವದೇಶಿ ಉದ್ಯಮ ಕಾಯಬೇಕು ಎನ್ನುತ್ತೀರಾ? ಲೂಧಿಯಾನದವರು ಮಾಡುವ ದಿನಬಳಕೆಯ ಸೈಕಲ್ಲಿನ ಮೇಲೆ ನನಗೆ ಗೌರವವಿದೆ, ಕಾಲೇಜಿಗೆ ಹೋಗುವುದು ಅದರಲ್ಲೇ. ಆದರೆ ರೇಸಿನ ಕಾರ್ಬನ್ ಫ್ರೇಮು ಕೇಳಿದಾಗ ನನಗೆ ಯಾವ ಅಂಗಡಿಯಲ್ಲೂ ಇಲ್ಲಿ ತಯಾರಾದದ್ದನ್ನು ತೋರಿಸಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಸೈಕಲ್ಲಿನ ಜಿಎಸ್‌ಟಿ ಶೇಕಡಾ 12ರಿಂದ 5ಕ್ಕೆ ಇಳಿಯಿತು, ಸಂತೋಷ. ಆಮದು ಸುಂಕ ಮಾತ್ರ ಕಣ್ಣಿಗೆ ಕಾಣದ ಮಾಲನ್ನು ಕಾಯುತ್ತ ನಿಂತಿದೆ, ಬೆಳೆಯಿಲ್ಲದ ಹೊಲಕ್ಕೆ ಹಾಕಿದ ಬೇಲಿಯಂತೆ.

ಬೇಲಿಯ ಹೊರಗೆ ಉಳಿಯುವವರು ಯಾರು? ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳು ಬಂದಿದ್ದಾರೆ, ಬರುತ್ತಲೇ ಇದ್ದಾರೆ. ಹೆಚ್ಚಿನವರು ಒಕ್ಕಲುತನದ ಮನೆಯ ಮಕ್ಕಳು. ಬೆಳಗಿನ ಐದಕ್ಕೆ ಎದುರುಗಾಳಿಗೆ ತಲೆ ತಗ್ಗಿಸಿ ತುಳಿಯುವ ಹುಡುಗ ಹುಡುಗಿಯರನ್ನು ಈ ರಸ್ತೆಯಲ್ಲಿ ನಾನು ದಿನಾ ನೋಡುತ್ತೇನೆ. ಯಾರದೋ ಬಿಟ್ಟ ಸೈಕಲ್ಲು, ಇನ್ನಾರದೋ ಅಳತೆ. ಅಂಥವರಿಗೆ "ಅಗ್ಗದ್ದನ್ನು ಮುಟ್ಟಬೇಡ, ಸಾಯುತ್ತೀ" ಎಂದು ಹೇಳುವುದು ಸುಲಭ. "ದುಬಾರಿಯದನ್ನು ನಾನು ಕೊಡಿಸುತ್ತೇನೆ" ಎಂದವರನ್ನು ಆ ಚಹಾದಂಗಡಿಯಲ್ಲಿ ನಾನು ಕಂಡಿಲ್ಲ. ಹಾಗಂತ ನನ್ನ ಫ್ರೇಮು ಅವರನ್ನು ಕೊನೆಯ ತನಕ ಒಯ್ಯುವುದೂ ಇಲ್ಲ. ಅಂತರರಾಷ್ಟ್ರೀಯ ಸ್ಪರ್ಧೆಗೆ ಯುಸಿಐ ಒಪ್ಪಿಗೆಯ ಮುದ್ರೆ ಬೇಕು, 2011ರಿಂದ ಈ ಏರ್ಪಾಡಿದೆ, ನನ್ನದಕ್ಕೆ ಅದಿಲ್ಲ. ಆದರೆ ಅಲ್ಲಿಗೆ ಮುಟ್ಟುವ ಮುಂಚೆ ತುಳಿಯಬೇಕಾದ ಸಾವಿರಾರು ಕಿಲೋಮೀಟರುಗಳಿವೆಯಲ್ಲ.

ತೂಕದ ಬಗ್ಗೆ ಒಂದು ಮಾತು. ನನ್ನ ಸೈಕಲ್ಲು 8.6 ಕಿಲೋ. 2000ದಿಂದ ಈಚೆಗೆ ಜಗತ್ತಿನ ದೊಡ್ಡ ರೇಸುಗಳಲ್ಲಿಯೂ 6.8 ಕಿಲೋಗಿಂತ ಹಗುರವಾದ ಸೈಕಲ್ಲಿಗೆ ಪ್ರವೇಶವಿಲ್ಲ. ಆ ಒಂದೂಮುಕ್ಕಾಲು ಕಿಲೋ ಇಳಿಸಲು ಲಕ್ಷಗಟ್ಟಲೆ ಸುರಿಯುವವರನ್ನು ನೋಡಿದಾಗೆಲ್ಲ ನಾನು ನನ್ನ ಹೊಟ್ಟೆಯನ್ನು ತಡವಿಕೊಳ್ಳುತ್ತೇನೆ. ಇಳಿಸುವುದಾದರೆ ಅಲ್ಲಿ ಪುಕ್ಕಟೆ ಜಾಗವಿದೆ.

ಈಗ ಮಗಳ ವಿಷಯ. ಫೆಬ್ರವರಿಯಲ್ಲಿ ಅವಳೇ ಕೇಳಿದಳು, "ಅಪ್ಪಾ, ಜಿಲ್ಲಾ ರೇಸಿಗೆ ನಿನ್ನ ಸೈಕಲ್ ಕೊಡ್ತಿಯೇನು?" ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಬರೆದದ್ದೆಲ್ಲ ಬಾಯಿಮಾತೋ ಅಲ್ಲವೋ ಎಂದು ಕೇಳಿದಂತಾಗಿತ್ತು. ಮರುದಿನ ಸೈಕಲ್ಲನ್ನು ಪೂರ್ತಿ ಬಿಚ್ಚಿದೆ. ಫೋರ್ಕನ್ನು ಹೊರಗೆ ತೆಗೆದು ಅದರ ಮೇಲಿನ ಕೊಳವೆಯನ್ನು ಬಿಸಿಲಿಗೆ ಹಿಡಿದು ನೋಡಿದೆ, ಚಾಚಾನೂ ನೋಡಿದ. ಗೆರೆಯಿರಲಿಲ್ಲ. ಎಲ್ಲವನ್ನೂ ಪಾನಾದಿಂದ ಅಳೆದು ಬಿಗಿಮಾಡಿದೆ. ಆದರೆ ಆ 5,500ರ ಕಾರ್ಬನ್ ಹ್ಯಾಂಡಲನ್ನು ಮಾತ್ರ ಮತ್ತೆ ಹಾಕಲು ಕೈ ಬರಲಿಲ್ಲ. ಅದರಲ್ಲಿ ಬಿರುಕಿರಲಿಲ್ಲ. ಎರಡು ವರ್ಷದಲ್ಲಿ ಎರಡು ಸಲ ಅದು ನನ್ನ ಜೊತೆ ನೆಲಕ್ಕೆ ಬಿದ್ದಿತ್ತು, ಅಷ್ಟೇ. 1,900 ರೂಪಾಯಿ ಕೊಟ್ಟು ಹೆಸರಿರುವ ಕಂಪನಿಯ ಅಲ್ಯೂಮಿನಿಯಂ ಹ್ಯಾಂಡಲ್ ತಂದು ಕೂರಿಸಿದೆ.

"ಹ್ಯಾಂಡಲ್ ಯಾಕ ಬದಲ್ ಮಾಡಿದಿ?" ಎಂದಳು. ಎರಡು ಸಲ ಬಿದ್ದದ್ದು, ಅದಕ್ಕ, ಎಂದೆ.

ಇದನ್ನು ಓದಿದರೆ ಆ ಗೃಹಸ್ಥರು ಗೆದ್ದೆವೆಂದು ನಗಬಹುದು, ನಗಲಿ. ಅವರ ಹ್ಯಾಂಡಲು ಎರಡು ಸಲ ಬಿದ್ದಿದ್ದರೆ ಅದನ್ನೂ ನಾನು ಬಿಚ್ಚುತ್ತಿದ್ದೆ. ಮಗಳು ಅದೇ ಫ್ರೇಮಿನ ಮೇಲೆ, ಅದೇ ಫೋರ್ಕಿನ ಮೇಲೆ ಹೋದಳು. ಹನ್ನೊಂದನೆಯವಳಾಗಿ ಬಂದಳು. ಗೇರು ಸರಿಯಾಗಿ ಕೂತಿಲ್ಲ, ಹಿಂದಿನ ಚಕ್ರದ ಹತ್ತಿರ ಕರಕರ ಎನ್ನುತ್ತದೆ ಎಂದು ಮನೆಗೆ ಬಂದವಳೇ ಜಗಳ ತೆಗೆದಳು.